ಆದಾಯ ನಿಂತಿದೆ, ಗೃಹಸಾಲದ ಕಂತು ನಿಂತಿಲ್ಲ: ಬಿಕ್ಕಟ್ಟಿನಲ್ಲಿ ಯಾವ ದಾರಿ ಯಾರಿಗೆ?

ಕೋವಿಡ್ ಲಾಕ್‌ಡೌನ್ ಶುರುವಾದ ಹೊತ್ತಿನಲ್ಲಿ, 2020ರ ಮಾರ್ಚ್ 27ರಂದು, ರಿಸರ್ವ್ ಬ್ಯಾಂಕ್ ಎರಡು ತೀರ್ಮಾನಗಳನ್ನು ಒಟ್ಟಿಗೆ ಪ್ರಕಟಿಸಿತು. ಸಾಲದ ಕಂತುಗಳನ್ನು ಮೂರು ತಿಂಗಳು ಮುಂದೂಡಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟದ್ದು ಒಂದು. ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಅಂದರೆ ರೆಪೊ ದರವನ್ನು, ಶೇ 5.15ರಿಂದ 4.40ಕ್ಕೆ ಇಳಿಸಿದ್ದು ಇನ್ನೊಂದು. ಮೊದಲನೆಯದು ಮನೆಮನೆಯ ಮಾತಾಯಿತು. ಎರಡನೆಯದು ಪತ್ರಿಕೆಗಳ ವಾಣಿಜ್ಯ ಪುಟ ದಾಟಿ ಹೊರಗೆ ಬರಲಿಲ್ಲ. ಆದರೆ ಗೃಹಸಾಲ ಇದ್ದವರ ಜೇಬಿಗೆ ನಿಜವಾಗಿ ಹಣ ಉಳಿಸಿದ್ದು ಎರಡನೆಯದು. ಇದು ನನ್ನ ಖಚಿತ ಅಭಿಪ್ರಾಯ; ಲೆಕ್ಕವನ್ನು ಮುಂದಿಡುತ್ತೇನೆ, ನೀವೇ ನೋಡಿ.

ಆರು ವರ್ಷ ಹಿಂದಿನ ಮಾತು ಈಗೇಕೆ ಎಂದರೆ, ಪ್ರಶ್ನೆಗಳು ಇನ್ನೂ ಹಾಗೆಯೇ ಇವೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಉದ್ಯೋಗ ಕಡಿತದ ಸುದ್ದಿ ಬಂದಾಗಲೆಲ್ಲ ಓದುಗರು ಕೇಳುವುದು ಇದನ್ನೇ: ಕಂತು ಮುಂದೂಡಿಸಿಕೊಳ್ಳಲೇ, ಸಾಲದ ಅವಧಿ ಹೆಚ್ಚಿಸಿಕೊಳ್ಳಲೇ, ಪಿಎಫ್ ತೆಗೆಯಲೇ, ಒಡವೆ ಅಡವಿಡಲೇ, ಇಲ್ಲ ಮನೆಯನ್ನೇ ಮಾರಿಬಿಡಲೇ? 2020–21ರಲ್ಲಿ ಸರ್ಕಾರವೂ ರಿಸರ್ವ್ ಬ್ಯಾಂಕೂ ಈ ಬಾಗಿಲುಗಳಲ್ಲಿ ಹೆಚ್ಚಿನವನ್ನು ಒಂದೇ ಕಾಲಕ್ಕೆ ತೆರೆದಿದ್ದವು. ಒಂದರ ಪಕ್ಕ ಒಂದಿಟ್ಟು ನೋಡಲು ಅಂಥ ಅವಕಾಶ ಮತ್ತೆ ಸಿಕ್ಕಿಲ್ಲ. ಮುಂದಿನ ಬಿಕ್ಕಟ್ಟಿಗೆ ಸರ್ಕಾರ ಬೇರೆ ಹೆಸರಿನ ಯೋಜನೆ ತರಬಹುದು, ಒಳಗಿನ ಲೆಕ್ಕ ಬದಲಾಗುವುದಿಲ್ಲ.

ಮೊದಲು ಅಳತೆಗೋಲು

ಯಾವುದೇ ಪರಿಹಾರವನ್ನು ನಾಲ್ಕು ಪ್ರಶ್ನೆಗಳಿಂದ ಅಳೆಯಬೇಕು. ಈ ತಿಂಗಳು ಕೈಯಲ್ಲಿ ಎಷ್ಟು ಹಣ ಉಳಿಯುತ್ತದೆ? ಸಾಲ ತೀರುವ ಹೊತ್ತಿಗೆ ಒಟ್ಟು ಎಷ್ಟು ಹೆಚ್ಚು ಕಟ್ಟಿರುತ್ತೇನೆ? ಸಾಲ ತೀರಿಸಿದ ಚರಿತ್ರೆಯನ್ನು ಹೇಳುವ ಸಿಬಿಲ್ ದಾಖಲೆಯಲ್ಲಿ ಏನು ಉಳಿಯುತ್ತದೆ? ಪರಿಸ್ಥಿತಿ ಸುಧಾರಿಸಿದರೆ ಹಿಂದಕ್ಕೆ ಬರಬಹುದೇ?

ಇವಕ್ಕೂ ಮೊದಲು ನಿಮಗೆ ನೀವೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ಆದಾಯ ಪೂರ್ತಿ ನಿಂತಿದೆಯೇ, ಕಡಿಮೆಯಾಗಿದೆಯೇ, ಅಥವಾ ಇನ್ನೂ ಸಂಬಳ ಬರುತ್ತಿದ್ದು ಭಯ ಮಾತ್ರ ಇದೆಯೇ? ನಾಲ್ಕು ತಿಂಗಳು ಬಾಗಿಲು ಹಾಕಿದ ಹೋಟೆಲಿನ ಮಾಲೀಕ, ಸಂಬಳದಲ್ಲಿ ಮೂರನೇ ಒಂದು ಭಾಗ ಕಡಿತಗೊಂಡ ಎಂಜಿನಿಯರ್, ಸಂಬಳಕ್ಕೆ ಕುಂದಿಲ್ಲದಿದ್ದರೂ ನಿದ್ದೆಗೆಟ್ಟ ಸರ್ಕಾರಿ ನೌಕರ, ಈ ಮೂವರಿಗೂ ಒಂದೇ ಸಲಹೆ ಕೊಡುವವರ ಮಾತನ್ನು ನಂಬಬೇಡಿ.

ಲೆಕ್ಕಕ್ಕಾಗಿ ಎರಡು ಸಾಲಗಳನ್ನು ಇಟ್ಟುಕೊಳ್ಳೋಣ. ಮೊದಲನೆಯದನ್ನು ಹೊಸ ಸಾಲ ಎನ್ನೋಣ: ಬಾಕಿ ₹30 ಲಕ್ಷ, ಉಳಿದ ಅವಧಿ 15 ವರ್ಷ, ಬಡ್ಡಿ ಶೇ 8, ಕಂತು ಸುಮಾರು ₹28,670. ಎರಡನೆಯದು ಹಳೆಯ ಸಾಲ: ಬಾಕಿ ₹5 ಲಕ್ಷ, ಉಳಿದದ್ದು 5 ವರ್ಷ, ಅದೇ ಬಡ್ಡಿ, ಕಂತು ಸುಮಾರು ₹10,140.

ಕಂತು ಮುಂದೂಡಿಕೆ: ಜನಪ್ರಿಯ, ಆದರೆ ಪುಕ್ಕಟೆಯಲ್ಲ

ಮಾರ್ಚ್‌ನಲ್ಲಿ ಕೊಟ್ಟ ಮೂರು ತಿಂಗಳನ್ನು 2020ರ ಮೇ 22ರಂದು ಮತ್ತೆ ಮೂರು ತಿಂಗಳು ವಿಸ್ತರಿಸಲಾಯಿತು. ಆಗಸ್ಟ್ 31ಕ್ಕೆ ಅವಧಿ ಮುಗಿಯಿತು. ಈ ಆರು ತಿಂಗಳು ಕಂತು ಕಟ್ಟದಿದ್ದರೂ ಸುಸ್ತಿ ಎಂದು ದಾಖಲಾಗುವಂತಿರಲಿಲ್ಲ. ಇದು ಸಣ್ಣ ಸಂಗತಿಯಲ್ಲ. ಕಂತು ತಪ್ಪಿ 90 ದಿನ ಮೀರಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲಗಳ, ಪಟ್ಟಿಗೆ ಸೇರುತ್ತದೆ. ಆ ಗಡಿಯಾರವನ್ನೇ ನಿಲ್ಲಿಸಿದ್ದು ಮುಂದೂಡಿಕೆಯ ನಿಜವಾದ ಉಪಕಾರ.

ಆದರೆ ಬಡ್ಡಿಯ ಗಡಿಯಾರ ನಿಲ್ಲಲಿಲ್ಲ. ಹೊಸ ಸಾಲದವರು ಆರು ತಿಂಗಳು ಕಂತು ನಿಲ್ಲಿಸಿದರೆ ಕೈಯಲ್ಲಿ ₹1.72 ಲಕ್ಷ ಉಳಿಯುತ್ತದೆ. ಅಷ್ಟರಲ್ಲಿ ₹1.22 ಲಕ್ಷ ಬಡ್ಡಿ ಅಸಲಿಗೆ ಸೇರಿ ಬಾಕಿ ₹31.22 ಲಕ್ಷವಾಗಿರುತ್ತದೆ. ಆಮೇಲೆ ಅದೇ ಕಂತನ್ನು ಮುಂದುವರಿಸಿದರೆ 180ರ ಬದಲು ಸುಮಾರು 195 ಕಂತು ಕಟ್ಟಬೇಕು. ಅಂದರೆ ₹1.72 ಲಕ್ಷ ಕಂತನ್ನು ಮುಂದಕ್ಕೆ ಹಾಕಿದ್ದಕ್ಕೆ ಕೊನೆಯಲ್ಲಿ ₹4.25 ಲಕ್ಷ ಹೆಚ್ಚು. ಇದು ನನ್ನ ಉತ್ಪ್ರೇಕ್ಷೆಯಲ್ಲ. ₹30 ಲಕ್ಷ ಬಾಕಿ ಮತ್ತು 15 ವರ್ಷ ಅವಧಿ ಇರುವವರು ಮೊದಲ ಮೂರು ತಿಂಗಳ ಮುಂದೂಡಿಕೆ ಪಡೆದರೆ ಸುಮಾರು ₹2.34 ಲಕ್ಷ, ಅಂದರೆ ಎಂಟು ಕಂತಿನಷ್ಟು, ಹೆಚ್ಚುವರಿ ಬಡ್ಡಿ ಬೀಳುತ್ತದೆ ಎಂದು ಸ್ಟೇಟ್ ಬ್ಯಾಂಕ್ ತಾನೇ ಗ್ರಾಹಕರಿಗೆ ತಿಳಿಸಿತ್ತು.

ಇಲ್ಲಿಯೇ ಒಂದು ಕಿರುದಾರಿ ಇದೆ, ಬ್ಯಾಂಕಿನವರು ತಾವಾಗಿ ಹೇಳುವುದು ಅಪರೂಪ. ಮುಂದೂಡಿಕೆ ಮುಗಿದ ಮೇಲೆ ಕಂತುಗಳ ಸಂಖ್ಯೆಯನ್ನು ಬೆಳೆಸದೆ, ಮೊದಲಿನ 180 ಕಂತುಗಳಲ್ಲೇ ತೀರುವಂತೆ ಕಂತನ್ನೇ ತುಸು ಏರಿಸಿ ಎಂದು ಬರೆದುಕೊಡಿ. ಕಂತು ₹29,836 ಆಗುತ್ತದೆ, ತಿಂಗಳಿಗೆ ₹1,166 ಹೆಚ್ಚು. ಒಟ್ಟು ಹೊರೆ ₹4.25 ಲಕ್ಷದ ಬದಲು ₹2.10 ಲಕ್ಷ. ಒಂದು ಸಾಲಿನ ಅರ್ಜಿಗೆ ಎರಡು ಲಕ್ಷ ರೂಪಾಯಿ ವ್ಯತ್ಯಾಸ.

ಹಳೆಯ ಸಾಲದವರ ಕಥೆ ಬೇರೆ. ಅವರಿಗೆ ಆರು ತಿಂಗಳಲ್ಲಿ ಸೇರುವ ಬಡ್ಡಿ ಸುಮಾರು ₹20,300. ಅದೇ ಕಂತು ಮುಂದುವರಿಸಿದರೂ ಹೆಚ್ಚಾಗುವುದು ಮೂರು ಕಂತು ಮಾತ್ರ. ಸಾಲದ ಕೊನೆಯ ವರ್ಷಗಳಲ್ಲಿರುವವರು ಮುಂದೂಡಿಕೆಗೆ ಅಷ್ಟೊಂದು ಹೆದರಬೇಕಿಲ್ಲ. ಸಾಲ ತೆಗೆದು ಎರಡು ಮೂರು ವರ್ಷವಾದವರು ಹೆದರಬೇಕು. ವಿಚಿತ್ರವೆಂದರೆ ಮುಂದೂಡಿಕೆಯನ್ನು ಕೇಳಿಕೊಳ್ಳುವ ಅನಿವಾರ್ಯ ಹೆಚ್ಚಾಗಿ ಬರುವುದು ಈ ಎರಡನೇ ಗುಂಪಿಗೇ. ಕಂತು ದೊಡ್ಡದು, ಉಳಿತಾಯ ಚಿಕ್ಕದು.

ಚಕ್ರಬಡ್ಡಿಯ ಬಗ್ಗೆ ಆಗ ನಡೆದ ಗದ್ದಲ ನೆನಪಿರಬಹುದು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು, ಸರ್ಕಾರ 2020ರ ಅಕ್ಟೋಬರ್‌ನಲ್ಲಿ ₹2 ಕೋಟಿವರೆಗಿನ ಸಾಲಗಳಿಗೆ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನು ತಾನೇ ಭರಿಸಿತು, 2021ರ ಮಾರ್ಚ್ 23ರಂದು ನ್ಯಾಯಾಲಯ ಈ ಮಿತಿಯನ್ನೂ ತೆಗೆದುಹಾಕಿತು. ಪೂರ್ತಿ ಬಡ್ಡಿ ಮನ್ನಾ ಮಾಡಲು ಮಾತ್ರ ಒಪ್ಪಲಿಲ್ಲ. ನಮ್ಮ ಹೊಸ ಸಾಲದವರಿಗೆ ಇದರಿಂದ ಸಿಕ್ಕ ಮೊತ್ತ ಎಷ್ಟು? ಸುಮಾರು ಎರಡು ಸಾವಿರ ರೂಪಾಯಿ. ಲಕ್ಷಗಳ ಹೊರೆ ಇದ್ದದ್ದು ಬಡ್ಡಿಯಲ್ಲಿ, ಬಡ್ಡಿಯ ಮೇಲಿನ ಬಡ್ಡಿಯಲ್ಲಲ್ಲ. ದೇಶವೆಲ್ಲ ಚರ್ಚಿಸಿದ್ದು ಎರಡನೆಯದನ್ನು!

ಹಾಗಾದರೆ ಮುಂದೂಡಿಕೆ ಯಾರಿಗೂ ಬೇಡವೇ? ಬೇಕು. ಆದಾಯ ಪೂರ್ತಿ ನಿಂತವರಿಗೆ ಇದಕ್ಕಿಂತ ಅಗ್ಗದ ಸಾಲ ಇನ್ನೊಂದಿಲ್ಲ. ಶೇ 8ರ ಬಡ್ಡಿಗೆ, ಜಾಮೀನು ಕೇಳದೆ, ಅಂಗಲಾಚದೆ ಸಿಗುವ ಸಾಲ ಅದು. ಕ್ರೆಡಿಟ್ ಕಾರ್ಡ್ ಬಾಕಿಯೂ ಇದ್ದವರಿಗೆ ಇದು ಇನ್ನೂ ಮುಖ್ಯ. ಕಾರ್ಡಿನ ಬಡ್ಡಿ ತಿಂಗಳಿಗೇ ಶೇ 3ರಿಂದ 3.5. ಅಂದು ಕಾರ್ಡ್ ಬಾಕಿಗೂ ಮುಂದೂಡಿಕೆ ಇತ್ತು, ಎಷ್ಟೋ ಜನ ಎರಡನ್ನೂ ಒಟ್ಟಿಗೆ ಮುಂದಕ್ಕೆ ಹಾಕಿದರು. ಗೃಹಸಾಲವನ್ನು ಮುಂದೂಡಿ, ಉಳಿದ ಹಣದಿಂದ ಕಾರ್ಡನ್ನು ತೀರಿಸುವುದು ಸರಿಯಾದ ಕ್ರಮ. ಸಂಬಳ ಬರುತ್ತಿದ್ದೂ ‘ಸರ್ಕಾರವೇ ಕೊಟ್ಟಿದೆಯಲ್ಲ’ ಎಂದು ಮುಂದೂಡಿಸಿಕೊಂಡವರ ಬಗ್ಗೆ ಹೇಳುವುದೇನೂ ಇಲ್ಲ. ಅವರು ಬ್ಯಾಂಕಿಗೆ ಉಪಕಾರ ಮಾಡಿದರು.

ಬಡ್ಡಿ ಇಳಿಕೆ: ಸದ್ದಿಲ್ಲದ ಪರಿಹಾರ

2020ರ ಮೇ ಹೊತ್ತಿಗೆ ರೆಪೊ ದರ ಶೇ 4.00ಕ್ಕೆ ಬಂದಿತ್ತು. ಮಾರ್ಚ್‌ನಿಂದ ಲೆಕ್ಕ ಹಾಕಿದರೆ ಶೇ 1.15ರಷ್ಟು ಇಳಿಕೆ. ನಮ್ಮ ಹೊಸ ಸಾಲದ ಬಡ್ಡಿ ಶೇ 8ರಿಂದ 7ಕ್ಕೆ ಇಳಿಯಿತು ಎಂದುಕೊಳ್ಳಿ. ಕಂತು ₹28,670ರಿಂದ ₹26,965ಕ್ಕೆ ಬರುತ್ತದೆ, 15 ವರ್ಷಗಳಲ್ಲಿ ₹3 ಲಕ್ಷಕ್ಕೂ ಮಿಕ್ಕಿ ಉಳಿಯುತ್ತದೆ. ಕಂತನ್ನು ಇಳಿಸದೆ ಹಾಗೆಯೇ ಕಟ್ಟಿಕೊಂಡು ಹೋದರೆ ಸಾಲ 18 ತಿಂಗಳು ಮೊದಲೇ ತೀರುತ್ತದೆ, ಉಳಿತಾಯ ₹5 ಲಕ್ಷ ದಾಟುತ್ತದೆ. ಸಿಬಿಲ್ ದಾಖಲೆಗೆ ಮಸಿ ಇಲ್ಲ, ಯಾರ ಮುಂದೆಯೂ ಕಷ್ಟ ಹೇಳಿಕೊಳ್ಳಬೇಕಿಲ್ಲ.

ಸಮಸ್ಯೆ ಇರುವುದು ಬೇರೆಡೆ. ಈ ಇಳಿಕೆ ಎಲ್ಲರ ಮನೆಗೂ ತಲುಪಲಿಲ್ಲ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಚರ ಬಡ್ಡಿಯ (ಕಾಲಕಾಲಕ್ಕೆ ಬದಲಾಗುವ ಬಡ್ಡಿಯ) ಹೊಸ ಗೃಹಸಾಲಗಳನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸುವುದು ಕಡ್ಡಾಯವಾಯಿತು. ಅದಕ್ಕೂ ಮೊದಲು ಸಾಲ ತೆಗೆದವರು, ಬ್ಯಾಂಕ್ ತನ್ನ ನಿಧಿಯ ವೆಚ್ಚ ನೋಡಿ ತಾನೇ ನಿಗದಿ ಮಾಡುವ ಎಂಸಿಎಲ್‌ಆರ್ ದರದಲ್ಲಿ ಅಥವಾ ಇನ್ನೂ ಹಿಂದಿನ ಮೂಲದರದಲ್ಲಿ ಉಳಿದರು. ಅಲ್ಲಿ ಇಳಿಕೆ ನಿಧಾನ, ಪ್ರಮಾಣವೂ ಕಡಿಮೆ. ವಸತಿ ಹಣಕಾಸು ಕಂಪನಿಗಳಿಗೆ ಈ ನಿಯಮ ಅನ್ವಯಿಸಲೇ ಇಲ್ಲ. ಅವು ತಮ್ಮದೇ ದರ ನಿಗದಿ ಮಾಡುತ್ತವೆ. ಒಂದೇ ಅಪಾರ್ಟ್‌ಮೆಂಟಿನ ಒಂದೇ ಮಹಡಿಯಲ್ಲಿ ಒಬ್ಬರು ಶೇ 7ಕ್ಕೂ ಇನ್ನೊಬ್ಬರು ಶೇ 9ಕ್ಕೂ ಬಡ್ಡಿ ಕಟ್ಟುವ ಸ್ಥಿತಿ ಹುಟ್ಟಿದ್ದು ಹೀಗೆ.

ಆದ್ದರಿಂದ ಸಾಲದ ವಿವರಪಟ್ಟಿ ತೆಗೆದು ಮೊದಲು ನೋಡಬೇಕಾದದ್ದು ಬಾಕಿ ಮೊತ್ತವನ್ನಲ್ಲ, ಬಡ್ಡಿಯ ಬಗೆ ಏನೆಂದು ಬರೆದಿರುವ ಆ ಚಿಕ್ಕ ಸಾಲನ್ನು. ಅಲ್ಲಿ ರೆಪೊ ಅಥವಾ ಇಬಿಎಲ್‌ಆರ್ (ಹೊರಗಿನ ಮಾನದಂಡಕ್ಕೆ ಜೋಡಿಸಿದ ದರ) ಎಂದಿದ್ದರೆ ಒಳ್ಳೆಯದು. ಎಂಸಿಎಲ್‌ಆರ್, ಬೇಸ್ ರೇಟ್ (ಮೂಲದರ), ಪಿಎಲ್‌ಆರ್ ಎಂಬ ಹಳೆಯ ಬಗೆಯ ದರವಿದ್ದರೆ ಎರಡು ದಾರಿ. ಅದೇ ಬ್ಯಾಂಕಿನಲ್ಲಿ ಶುಲ್ಕ ಕಟ್ಟಿ ಹೊಸ ಮಾನದಂಡಕ್ಕೆ ಬದಲಾಯಿಸಿಕೊಳ್ಳುವುದು ಸುಲಭ, ವೆಚ್ಚವೂ ಕಡಿಮೆ. ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಿದರೆ ಬಡ್ಡಿ ಇನ್ನೂ ಇಳಿಯಬಹುದು. ಚರ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದ್ದಕ್ಕೆ ವ್ಯಕ್ತಿಗಳಿಂದ ದಂಡ ಪಡೆಯುವಂತಿಲ್ಲ. ಆದರೆ ಹೊಸ ಬ್ಯಾಂಕಿನ ಸಂಸ್ಕರಣಾ ಶುಲ್ಕ (ಪ್ರೊಸೆಸಿಂಗ್ ಫೀ), ವಕೀಲರ ಅಭಿಪ್ರಾಯ, ಮೌಲ್ಯಮಾಪನ, ಹಕ್ಕುಪತ್ರ ಅಡವಿನ ಮುದ್ರಾಂಕ ಶುಲ್ಕ ಎಲ್ಲವೂ ಮತ್ತೊಮ್ಮೆ ಬೀಳುತ್ತವೆ. ಅರ್ಧ ಶೇಕಡಾಕ್ಕಿಂತ ಕಡಿಮೆ ವ್ಯತ್ಯಾಸಕ್ಕೆ, ಅದೂ ಐದಾರು ವರ್ಷ ಮಾತ್ರ ಉಳಿದ ಸಾಲಕ್ಕೆ, ಈ ಓಡಾಟ ದಂಡ.

ದೊಡ್ಡ ಕೊರತೆ ಇನ್ನೊಂದು. ವರ್ಗಾವಣೆಗೆ ಹೊಸ ಬ್ಯಾಂಕ್ ಇತ್ತೀಚಿನ ಸಂಬಳದ ಚೀಟಿ ಕೇಳುತ್ತದೆ. ಕೆಲಸ ಹೋದವರಿಗೆ ಆ ಬಾಗಿಲು ಮುಚ್ಚಿದೆ. ಎಲ್ಲಕ್ಕಿಂತ ಉತ್ತಮವಾದ ದಾರಿ, ತುರ್ತು ಹೆಚ್ಚಿರುವವರಿಗೆ ಸಿಗುವುದಿಲ್ಲ. ಮೇಲೆ ಹೇಳಿದ ಮೂವರಲ್ಲಿ ಸಂಬಳ ಬರುತ್ತಿದ್ದೂ ಭಯಪಡುವವರು ಮಾಡಬೇಕಾದ ಕೆಲಸ ಇದೊಂದೇ, ಅದನ್ನೂ ಈಗಲೇ. 2025ರಲ್ಲಿ ರೆಪೊ ದರ ಶೇ 6.50ರಿಂದ 5.25ಕ್ಕೆ ಇಳಿದಿದೆ, ಆ ಇಳಿಕೆ ನಿಮ್ಮ ಪಟ್ಟಿಯಲ್ಲಿ ಕಾಣುತ್ತಿದೆಯೇ ಎಂದು ಒಮ್ಮೆ ನೋಡಿ.

ಇನ್ನೊಂದು ಮಾತು. ದರ ಇಳಿದಾಗ ಬ್ಯಾಂಕುಗಳು ಸಾಮಾನ್ಯವಾಗಿ ಕಂತನ್ನು ಹಾಗೆಯೇ ಬಿಟ್ಟು ಅವಧಿಯನ್ನು ಕಡಿಮೆ ಮಾಡುತ್ತವೆ. ಸಂಬಳ ಸರಿಯಾಗಿದ್ದವರಿಗೆ ಅದೇ ಒಳ್ಳೆಯದು. ತಿಂಗಳ ಖರ್ಚಿಗೇ ತತ್ವಾರ ಇದ್ದವರು ಕಂತನ್ನೇ ಇಳಿಸಿ ಎಂದು ಬರೆದು ಕೇಳಬೇಕು.

ಸಾಲ ಪುನರ್‌ರಚನೆ: ಸಿಗುವುದೆಷ್ಟು, ತೆರುವುದೆಷ್ಟು

ಮುಂದೂಡಿಕೆ ಮುಗಿಯುವ ಮುನ್ನವೇ, 2020ರ ಆಗಸ್ಟ್ 6ರಂದು, ರಿಸರ್ವ್ ಬ್ಯಾಂಕ್ ಸಾಲ ಪುನರ್‌ರಚನೆಯ ಚೌಕಟ್ಟನ್ನು ಪ್ರಕಟಿಸಿತು. 2020ರ ಮಾರ್ಚ್ 1ರಂದು 30 ದಿನಕ್ಕಿಂತ ಹೆಚ್ಚು ಸುಸ್ತಿಯಾಗಿರದ ಸಾಲಗಾರರಿಗೆ ಅವಧಿಯನ್ನು ಗರಿಷ್ಠ ಎರಡು ವರ್ಷ ವಿಸ್ತರಿಸಬಹುದಿತ್ತು. ಡಿಸೆಂಬರ್ 31ರೊಳಗೆ ಕೋರಿಕೆ ಸಲ್ಲಬೇಕಿತ್ತು. ಕೋವಿಡ್ ಎರಡನೇ ಅಲೆ ಬಂದಾಗ, 2021ರ ಮೇ 5ರಂದು, ಎರಡನೇ ಸುತ್ತು ಬಂತು.

ಕೇಳಲು ಹಿತವಾಗಿದೆ. ಹೊಸ ಸಾಲದ ಮೇಲೆ ಪ್ರಯೋಗಿಸಿ ನೋಡಿ. 15 ವರ್ಷವನ್ನು 17 ಮಾಡಿದರೆ ಕಂತು ₹28,670ರಿಂದ ₹26,948ಕ್ಕೆ ಇಳಿಯುತ್ತದೆ. ತಿಂಗಳಿಗೆ ಉಳಿದದ್ದು ₹1,722. ಅದಕ್ಕೆ ತೆರುವ ಹೆಚ್ಚುವರಿ ಬೆಲೆ ಸುಮಾರು ₹3.37 ಲಕ್ಷ. ಈ ಕಂತನ್ನು ಶೇ 7ರ ಬಡ್ಡಿಯಲ್ಲಿ ಬಂದ ₹26,965ರ ಪಕ್ಕದಲ್ಲಿಡಿ. ಎರಡೂ ಹೆಚ್ಚುಕಡಿಮೆ ಒಂದೇ. ಒಂದು ದಾರಿಯಲ್ಲಿ ಮೂರು ಲಕ್ಷ ಉಳಿಯಿತು, ಇನ್ನೊಂದರಲ್ಲಿ ಮೂರು ಲಕ್ಷ ಹೋಯಿತು. ಅವಧಿ ವಿಸ್ತರಣೆಗೆ ಅರ್ಜಿ ಹಾಕುವ ಮುನ್ನ ಬಡ್ಡಿ ದರ ಪರಿಶೀಲಿಸಿ ಎಂದು ಪಟ್ಟು ಹಿಡಿದು ಹೇಳುವುದು ಇದಕ್ಕಾಗಿಯೇ.

ಅಮೆರಿಕದಲ್ಲಿ 2009ರಲ್ಲಿ ಒಬಾಮ ಸರ್ಕಾರ ತಂದ ಗೃಹಸಾಲ ಮಾರ್ಪಾಡು ಯೋಜನೆ ಇದೇ ಕ್ರಮವನ್ನು ನಿಯಮವಾಗಿಯೇ ಬರೆದಿತ್ತು. ಕಂತು ಕುಟುಂಬದ ಒಟ್ಟು ಮಾಸಿಕ ಆದಾಯದ ಶೇ 31ಕ್ಕೆ ಇಳಿಯುವವರೆಗೆ ಮೊದಲು ಬಡ್ಡಿಯನ್ನು ಶೇ 2ರವರೆಗೂ ಇಳಿಸಬೇಕು; ಸಾಲದಿದ್ದರೆ ಅವಧಿಯನ್ನು 40 ವರ್ಷದವರೆಗೆ ಬೆಳೆಸಬೇಕು; ಅದೂ ಸಾಲದಿದ್ದರೆ ಅಸಲಿನ ಒಂದು ಭಾಗವನ್ನು ಬಡ್ಡಿಯಿಲ್ಲದೆ ಪಕ್ಕಕ್ಕಿಡಬೇಕು. 30ರಿಂದ 40 ಲಕ್ಷ ಕುಟುಂಬಗಳನ್ನು ತಲುಪುವ ಗುರಿಯ ಹತ್ತಿರಕ್ಕೂ ಆ ಯೋಜನೆ ಹೋಗಲಿಲ್ಲ. ಜಾರಿಯನ್ನು ಕಂತು ವಸೂಲಿ ಮಾಡುವ ಕಂಪನಿಗಳ ಕೈಗೇ ಬಿಟ್ಟದ್ದು ಅದಕ್ಕೆ ಮುಖ್ಯ ಕಾರಣ. ಆದರೂ ಕ್ರಮ ಸರಿಯಿತ್ತು, ಮತ್ತು ಆ ಅಳತೆ ಆದಾಯವನ್ನು ನೋಡಿತ್ತು. ನಮ್ಮ ಚೌಕಟ್ಟು ಎಲ್ಲವನ್ನೂ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಗೆ ಬಿಟ್ಟಿತು.

ಪುನರ್‌ರಚನೆಯ ಗುರುತು ಸಾಲದ ದಾಖಲೆಯಲ್ಲಿ ಉಳಿಯುತ್ತದೆ. ಮುಂದೆ ಎರಡು ಮೂರು ವರ್ಷಗಳಲ್ಲಿ ಮಗಳ ಓದಿಗೋ ವ್ಯಾಪಾರಕ್ಕೋ ಸಾಲ ಬೇಕಾಗುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎನ್‌ಪಿಎ ಆಗುವುದಕ್ಕಿಂತ ಇದು ಎಷ್ಟೋ ವಾಸಿ, ನಿಯಮಿತ ಸಾಲಕ್ಕಿಂತ ಖಂಡಿತ ಹೀನ.

ಯಾರಿಗೆ ಸರಿ? ಹಳೆಯ ಸಾಲದವರಿಗೆ. 5 ವರ್ಷವನ್ನು 7 ಮಾಡಿದರೆ ಅವರ ಕಂತು ₹10,140ರಿಂದ ₹7,790ಕ್ಕೆ ಇಳಿಯುತ್ತದೆ, ಕಾಲು ಭಾಗದ ಹತ್ತಿರ. ಸಂಬಳ ಶಾಶ್ವತವಾಗಿಯೇ ಕಡಿಮೆಯಾದ, ಆದರೆ ಪೂರ್ತಿ ನಿಲ್ಲದ ಮನೆಗಳಿಗೆ ಇದು ಹೇಳಿ ಮಾಡಿಸಿದ ದಾರಿ. ಹಣ ಕೈಗೆ ಬಂದಾಗ ಮುಂಗಡವಾಗಿ ಅಸಲು ಕಟ್ಟಿ ಅವಧಿಯನ್ನು ಮತ್ತೆ ಕುಗ್ಗಿಸಬಹುದು, ಹಾಗಾಗಿ ಹಿಂದಿರುಗುವ ದಾರಿಯೂ ಉಂಟು.

ಪಿಎಫ್, ಒಡವೆ

2020ರ ಮಾರ್ಚ್ 28ರ ಆದೇಶದಂತೆ ಪಿಎಫ್ ಖಾತೆಯ ಶೇ 75 ಅಥವಾ ಮೂರು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಂದಿರುಗಿಸಬೇಕಿಲ್ಲದ ಮುಂಗಡವಾಗಿ ತೆಗೆಯಬಹುದಿತ್ತು. ‘ಶೇ 75’ ಎಂಬುದು ತಲೆಬರಹವಾಯಿತು, ‘ಯಾವುದು ಕಡಿಮೆಯೋ ಅದು’ ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ. ಖಾತೆಯಲ್ಲಿ ₹2.4 ಲಕ್ಷ, ಮೂಲ ವೇತನ ಮತ್ತು ಭತ್ಯೆ ಸೇರಿ ₹25,000 ಇದ್ದವರಿಗೆ ಸಿಗುತ್ತಿದ್ದದ್ದು ₹1.8 ಲಕ್ಷವಲ್ಲ, ₹75,000. ಹೊಸ ಸಾಲದ ಮೂರು ಕಂತಿಗೂ ಸಾಲದು.

ಆ ವರ್ಷ ಪಿಎಫ್ ಬಡ್ಡಿ ಶೇ 8.5, ಗೃಹಸಾಲ ಅದಕ್ಕಿಂತ ಕಡಿಮೆ. ಮುಂದೂಡಿಕೆ ಲಭ್ಯವಿರುವಾಗ ಪಿಎಫ್ ಮುರಿಯುವುದು ನಷ್ಟದ ವ್ಯವಹಾರ. ಪಿಎಫ್ ತೆಗೆದು ಗೃಹಸಾಲವನ್ನು ಬೇಗ ತೀರಿಸುತ್ತೇನೆ ಎನ್ನುವುದೂ ಅಷ್ಟೇ. ಮುಂದೂಡಿಕೆ ಇಲ್ಲ, 90 ದಿನದ ಗಡಿ ಹತ್ತಿರ ಬಂದಿದೆ, ಕೆಲಸ ಸಿಗುವ ಭರವಸೆ ಇದೆ ಎಂಬಾಗ ಮಾತ್ರ ಅದಕ್ಕೆ ಕೈ ಹಾಕಿ.

ಒಡವೆಯ ವಿಷಯಕ್ಕೆ ಮನೆಯಲ್ಲಿ ಮುಜುಗರ ಹೆಚ್ಚು, ಲೆಕ್ಕದಲ್ಲಿ ಅದು ಅಷ್ಟೇನೂ ಕೆಟ್ಟದ್ದಲ್ಲ. ರಿಸರ್ವ್ ಬ್ಯಾಂಕ್ 2020ರ ಆಗಸ್ಟ್‌ನಿಂದ 2021ರ ಮಾರ್ಚ್‌ವರೆಗೆ ಬ್ಯಾಂಕುಗಳ ಚಿನ್ನದ ಸಾಲದ ಮಿತಿಯನ್ನು ಮೌಲ್ಯದ ಶೇ 75ರಿಂದ 90ಕ್ಕೆ ಏರಿಸಿತ್ತು. ಅದೇ ಆಗಸ್ಟ್‌ನಲ್ಲಿ ಚಿನ್ನ ಆವರೆಗಿನ ಗರಿಷ್ಠ ಬೆಲೆ ಮುಟ್ಟಿ, ಮುಂದಿನ ಮಾರ್ಚ್ ಹೊತ್ತಿಗೆ ಸಾಕಷ್ಟು ಇಳಿಯಿತು. ತುದಿ ಬೆಲೆಗೆ ಶೇ 90ರಷ್ಟು ಸಾಲ ಪಡೆದವರಿಗೆ, ಬೆಲೆ ಇಳಿದಾಗ ಉಳಿದ ಅಂಚು ಏನೇನೂ ಸಾಲಲಿಲ್ಲ. ಮಿತಿ ಎಷ್ಟೇ ಇರಲಿ, ಅರ್ಧ ಮೌಲ್ಯಕ್ಕಿಂತ ಹೆಚ್ಚು ಸಾಲ ತೆಗೆಯದಿದ್ದರೆ ಬಳೆ ಮನೆಗೆ ವಾಪಸ್ ಬರುತ್ತದೆ. ಸರ್ಕಾರಿ ಬ್ಯಾಂಕಿನಲ್ಲಿ ಇಡಿ; ಬೀದಿ ತುದಿಯ ಕಂಪನಿಗಳಲ್ಲಿ ಬಡ್ಡಿ ಗೃಹಸಾಲದ ಎರಡು ಪಟ್ಟು ದಾಟಬಹುದು.

ಮಾರುವುದಾದರೆ ನೀವೇ ಮಾರಿ

ಆರು ತಿಂಗಳು, ಒಂದು ವರ್ಷ ಕಳೆದರೂ ಹಳೆಯ ಆದಾಯ ಮರಳುವುದಿಲ್ಲ ಎಂದು ಒಳಗೊಳಗೇ ಗೊತ್ತಿದ್ದವರು ಮೇಲಿನ ಯಾವ ದಾರಿಯಿಂದಲೂ ಪಾರಾಗುವುದಿಲ್ಲ. ತಡ ಮಾಡಿದಷ್ಟೂ ನಷ್ಟ ಬೆಳೆಯುತ್ತದೆ. ಕಾನೂನಿನ ಹೆಜ್ಜೆಗಳನ್ನು ತಿಳಿದಿರಬೇಕು. ಸಾಲ ಎನ್‌ಪಿಎ ಆದ ಮೇಲೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ವಶಪಡಿಸಿಕೊಂಡು ಮಾರಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ 60 ದಿನಗಳ ನೋಟಿಸ್ ಕೊಡುತ್ತದೆ. ಆಕ್ಷೇಪಣೆಗೆ ಬ್ಯಾಂಕ್ ಉತ್ತರಿಸಲೇಬೇಕು. ಆಮೇಲೆ ಸ್ವಾಧೀನ, ಅನಂತರ ಹರಾಜಿನ ಪ್ರಕಟಣೆ. ಸ್ವಾಧೀನದ ಕ್ರಮವನ್ನು ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ 45 ದಿನಗಳೊಳಗೆ ಪ್ರಶ್ನಿಸಬಹುದು. ಹರಾಜಿನ ಪ್ರಕಟಣೆ ಹೊರಬೀಳುವ ತನಕ ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕಿದೆ, ಆಮೇಲೆ ಅದೂ ಇಲ್ಲ. ಬಾಕಿ ಮೊತ್ತ ಅಸಲು ಮತ್ತು ಬಡ್ಡಿಯ ಶೇ 20ಕ್ಕಿಂತ ಕಡಿಮೆ ಉಳಿದಿದ್ದರೆ ಈ ಕಾಯ್ದೆಯೇ ಅನ್ವಯಿಸುವುದಿಲ್ಲ ಎಂಬುದು ಹಳೆಯ ಸಾಲದವರಿಗೆ ಸಮಾಧಾನದ ಸುದ್ದಿ.

ಹರಾಜಿನಲ್ಲಿ ಬರುವ ಬೆಲೆಗೂ ನೀವೇ ಕೂತು ಮಾತನಾಡಿ ಪಡೆಯುವ ಬೆಲೆಗೂ ಹೋಲಿಕೆಯೇ ಇಲ್ಲ. ಸಾಲ ಇನ್ನೂ ನಿಯಮಿತವಾಗಿರುವಾಗಲೇ ಬ್ಯಾಂಕಿನಿಂದ ಬಾಕಿ ವಿವರದ ಪತ್ರ ಪಡೆಯಿರಿ. ಕೊಳ್ಳುವವರ ಬ್ಯಾಂಕ್ ನೇರವಾಗಿ ನಿಮ್ಮ ಬ್ಯಾಂಕಿಗೆ ಹಣ ಕಟ್ಟಿ ಮೂಲ ಪತ್ರಗಳನ್ನು ಪಡೆಯುವ ವ್ಯವಸ್ಥೆ ಇದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಆದಾಯ ತೆರಿಗೆ ಕಾಯ್ದೆಯ 80ಸಿ ಸೆಕ್ಷನ್ ಅಡಿ ಅಸಲಿಗೆ ವಿನಾಯಿತಿ ಪಡೆದಿದ್ದರೆ, ಮನೆ ಕೈಗೆ ಬಂದ ಆರ್ಥಿಕ ವರ್ಷದ ಕೊನೆಯಿಂದ ಐದು ವರ್ಷದೊಳಗೆ ಮಾರಿದಾಗ ಆ ವಿನಾಯಿತಿ ಆದಾಯಕ್ಕೆ ಮರಳಿ ಸೇರುತ್ತದೆ. ಬಾಡಿಗೆಗೆ ಕೊಟ್ಟು ಊರಿಗೆ ಹೋಗುವುದು ನಡುವಿನ ದಾರಿ. ಆದರೆ ಬೆಂಗಳೂರಿನಲ್ಲಿ ಬಾಡಿಗೆಯಿಂದಲೇ ಹೊಸ ಸಾಲದ ಕಂತು ಪೂರ್ತಿ ಹುಟ್ಟುವುದು ಕಷ್ಟ, ಉಳಿದದ್ದು ಎಲ್ಲಿಂದ ಎಂಬುದಕ್ಕೆ ಉತ್ತರ ಬೇಕು.

ಮನೆ ಇನ್ನೂ ಕಟ್ಟಿ ಮುಗಿದಿಲ್ಲವೆಂದರೆ

ಇಲ್ಲಿ ಆಯ್ಕೆಗಳು ಬೇರೆ. 2020ರಲ್ಲಿ ಬಿಲ್ಡರುಗಳಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಅಡಿ ಮನೆ ಮುಗಿಸಬೇಕಾದ ಅವಧಿ ಆರು ತಿಂಗಳು ತಾನಾಗಿ ವಿಸ್ತರಣೆಯಾಯಿತು. ಕೊಂಡವರ ಕಂತಿಗೆ ಸಿಕ್ಕ ಮುಂದೂಡಿಕೆಗೆ ಮಾತ್ರ ಬಡ್ಡಿ ಬಿತ್ತು. ರೇರಾ ಕಾಯ್ದೆಯ 18ನೇ ಸೆಕ್ಷನ್ ಎರಡು ದಾರಿ ಕೊಡುತ್ತದೆ: ಯೋಜನೆಯಿಂದ ಹೊರಬಂದು ಕಟ್ಟಿದ ಹಣವನ್ನು ಬಡ್ಡಿಸಹಿತ ಕೇಳುವುದು, ಇಲ್ಲವೇ ಒಳಗೇ ಉಳಿದು ತಡವಾದ ಪ್ರತಿ ತಿಂಗಳಿಗೆ ಬಡ್ಡಿ ಕೇಳುವುದು. ಕರ್ನಾಟಕದಲ್ಲಿ ಆ ಬಡ್ಡಿ ಸ್ಟೇಟ್ ಬ್ಯಾಂಕಿನ ಗರಿಷ್ಠ ಎಂಸಿಎಲ್‌ಆರ್‌ಗಿಂತ ಶೇ 2 ಹೆಚ್ಚು. ಕಾಗದದ ಮೇಲೆ ಮೊದಲನೆಯದು ಆಕರ್ಷಕ. ಆದರೆ ಆದೇಶ ಬಂದ ಮೇಲೂ ಹಣ ವಸೂಲಿ ಭೂಕಂದಾಯ ಬಾಕಿಯಂತೆ ಜಿಲ್ಲಾಡಳಿತದ ಮೂಲಕ ನಡೆಯಬೇಕು, ಅದು ಬಹಳ ಎಳೆಯುತ್ತದೆ. ಛಾವಣಿಯವರೆಗೆ ಕಟ್ಟಡ ಎದ್ದಿದ್ದರೆ ಒಳಗೇ ಉಳಿಯುವುದು ಒಳ್ಳೆಯದು, ತಳಪಾಯದಲ್ಲೇ ನಿಂತಿದ್ದರೆ ಹೊರಬರುವುದು ಒಳ್ಳೆಯದು. ನಿಂತ ಯೋಜನೆಗಳನ್ನು ಮುಗಿಸಲು 2019ರ ನವೆಂಬರ್‌ನಲ್ಲಿ ಕೇಂದ್ರ ಘೋಷಿಸಿದ ₹25,000 ಕೋಟಿಯ ಸ್ವಾಮಿಹ್ ನಿಧಿ ನಿಮ್ಮ ಯೋಜನೆಗೆ ಸಿಕ್ಕಿದೆಯೇ ಎಂದೂ ವಿಚಾರಿಸಿ. ಬಿಲ್ಡರ್ ಮೇಲಿನ ಸಿಟ್ಟಿಗೆ ಬ್ಯಾಂಕಿನ ಕಂತು ನಿಲ್ಲಿಸಬೇಡಿ. ಹಾಳಾಗುವುದು ನಿಮ್ಮ ಸಿಬಿಲ್ ದಾಖಲೆ, ಅವರದ್ದಲ್ಲ.

ಬಿಕ್ಕಟ್ಟಿನಲ್ಲೇ ಕೊಳ್ಳಬೇಕೆನ್ನುವವರಿಗೆ

ಕರ್ನಾಟಕ ಸರ್ಕಾರ ಮೊದಲ ಬಾರಿಗೆ ನೋಂದಣಿಯಾಗುವ ಫ್ಲ್ಯಾಟುಗಳ ಮುದ್ರಾಂಕ ಶುಲ್ಕವನ್ನು ₹20 ಲಕ್ಷದವರೆಗೆ ಶೇ 5ರಿಂದ 2ಕ್ಕೆ, ₹35 ಲಕ್ಷದವರೆಗೆ ಶೇ 3ಕ್ಕೆ ಇಳಿಸಿತು; 2021ರ ಬಜೆಟ್ ಈ ಶೇ 3ನ್ನು ₹45 ಲಕ್ಷದವರೆಗೆ ವಿಸ್ತರಿಸಿತು. ₹45 ಲಕ್ಷದ ಫ್ಲ್ಯಾಟಿಗೆ ಉಳಿಯುವುದು ಸುಮಾರು ₹90,000. ಸಂತೋಷ. ಆದರೆ ಆ ರಿಯಾಯಿತಿಗಾಗಿ ಅವಸರಪಟ್ಟು ಚರ ಬಡ್ಡಿಯ ಸಾಲಕ್ಕೆ ಸಹಿ ಹಾಕಿದವರ ಮುಂದಿನ ಕಥೆ ನೋಡಿ. 2022ರ ಮೇ ಮತ್ತು 2023ರ ಫೆಬ್ರುವರಿ ನಡುವೆ ರೆಪೊ ಶೇ 4.00ರಿಂದ 6.50ಕ್ಕೆ ಏರಿತು. ₹30 ಲಕ್ಷಕ್ಕೆ 15 ವರ್ಷದ ಕಂತು ಶೇ 7ರಲ್ಲಿ ₹26,965, ಶೇ 9.5ರಲ್ಲಿ ₹31,300ಕ್ಕೂ ಹೆಚ್ಚು. ಹಲವರಿಗೆ ಕಂತಿನ ಬದಲು ಅವಧಿ ಬೆಳೆದು ನಿವೃತ್ತಿಯ ಆಚೆಗೆ ಹೋಯಿತು. ಕೊನೆಗೆ 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಮಧ್ಯೆ ಬಂದು, ದರ ಬದಲಾದಾಗ ಕಂತು ಏರಿಸಬೇಕೋ ಅವಧಿ ಬೆಳೆಸಬೇಕೋ ಎಂಬ ಆಯ್ಕೆಯನ್ನು, ಸ್ಥಿರ ಬಡ್ಡಿಗೆ ಬದಲಾಗುವ ಅವಕಾಶವನ್ನೂ ಸಾಲಗಾರರಿಗೆ ಕೊಡಬೇಕೆಂದು ಸೂಚಿಸಿತು. ಈಗಿನ ದರಕ್ಕೆ ಎರಡೂವರೆ ಶೇಕಡಾ ಸೇರಿಸಿ, ಆ ಕಂತನ್ನು ಈ ಸಂಬಳದಲ್ಲಿ ಕಟ್ಟಬಲ್ಲಿರಾದರೆ ಕೊಳ್ಳಿ. ಇಲ್ಲವಾದರೆ ಶುಲ್ಕದ ರಿಯಾಯಿತಿ ಎಷ್ಟೇ ಇರಲಿ, ಬಾಡಿಗೆ ಮನೆಯಲ್ಲಿ ಇನ್ನೆರಡು ವರ್ಷ ಇರಿ.

ಬ್ಯಾಂಕಿಗೆ ಹೋಗುವಾಗ

ಯಾವ ದಾರಿ ಹಿಡಿದರೂ ಫೋನಿನಲ್ಲಿ ಮಾತನಾಡಿ ಮುಗಿಸಬೇಡಿ. ಅರ್ಜಿ ಎರಡು ಪ್ರತಿ ಬರೆಯಿರಿ, ಒಂದರ ಮೇಲೆ ಶಾಖೆಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅದರಲ್ಲಿ ಮೂರು ಲೆಕ್ಕಪಟ್ಟಿ ಕೇಳಿ: ಈಗಿರುವಂತೆ ಮುಂದುವರಿದರೆ, ಕಂತು ಬದಲಾಗಿ ಅವಧಿ ಉಳಿದರೆ, ಅವಧಿ ಬದಲಾಗಿ ಕಂತು ಉಳಿದರೆ ಕೊನೆಗೆ ಒಟ್ಟು ಎಷ್ಟು ಎಂಬ ಮೂರು ಅಂಕಿ. ಮೊಬೈಲಿಗೆ ಬರುವ ಸಂದೇಶಕ್ಕೆ ‘ಯೆಸ್’ ಎಂದು ಉತ್ತರಿಸುವ ಮುನ್ನ ಈ ಮೂರೂ ಕೈಯಲ್ಲಿರಲಿ. 2020ರಲ್ಲಿ ಕೆಲವು ಬ್ಯಾಂಕುಗಳು ಕೇಳಿದವರಿಗೆ ಮಾತ್ರ ಮುಂದೂಡಿಕೆ ಕೊಟ್ಟವು, ಕೆಲವು ಬೇಡವೆನ್ನದ ಎಲ್ಲರಿಗೂ ಕೊಟ್ಟವು, ತಮ್ಮದು ಯಾವುದೆಂದು ತಿಳಿಯದೆ ಎಷ್ಟೋ ಜನ ಬೇಡದ ಬಡ್ಡಿ ತೆತ್ತರು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕಿನ ಮೇಲಿನ ದೂರನ್ನು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ) ಆನ್‌ಲೈನ್‌ನಲ್ಲಿ ಕೊಡಬಹುದು, ಶುಲ್ಕವಿಲ್ಲ. ಸಾಲ ವಸತಿ ಹಣಕಾಸು ಕಂಪನಿಯದ್ದಾದರೆ ದೂರು ಹೋಗಬೇಕಾದದ್ದು ರಾಷ್ಟ್ರೀಯ ವಸತಿ ಬ್ಯಾಂಕಿಗೆ.